ಹುಳು ಮಲಗುವ ದಿನಗಳು

“ಗುರುಗಳೇ, ನಿದ್ದೆಯನ್ನು ಗೆಲ್ಲುವುದು ಹೇಗೆ?” ಎಂದು ಶಿಷ್ಯನು ಕೇಳಿದನು.

ಅವನು ಮಠದ ಔಷಧಶಾಲೆಯಲ್ಲಿ ರೋಗಿಗಳಿಗೆ ಮದ್ದು ಅಳೆದು ಕೊಡುವವನು. ಊರಿನಲ್ಲಿ ಕಾಯಿಲೆ ಹಬ್ಬಿ ಇಪ್ಪತ್ತು ದಿನಗಳಾಗಿದ್ದವು. ಅಷ್ಟು ದಿನವೂ ಅವನು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಮಲಗಿರಲಿಲ್ಲ. ಆ ಎರಡು ಗಂಟೆಯೂ ದಂಡವೆಂದೇ ಅವನಿಗೆ ತೋರಿತ್ತು.

ಗುರುಗಳು ಅವನನ್ನು ಎದುರಿಗೆ ಕುಳ್ಳಿರಿಸಿಕೊಂಡು ಹೇಳಿದರು:

ಒಂದೂರಿನಲ್ಲಿ ರೇಷ್ಮೆ ಹುಳು ಸಾಕುವ ಹೆಂಗಸೊಬ್ಬಳಿದ್ದಳು. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಮಲಗುತ್ತದೆ. ಅದು ಹಳೆಯ ಚರ್ಮವನ್ನು ಕಳಚುವುದು ಆಗಲೇ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ಹುಳುಗಳಿರುವ ತಟ್ಟೆಯನ್ನು ಮುಟ್ಟಬಾರದು. ಹುಳು ಮಲಗಿದಾಗ ಅವಳೂ ಮಲಗುತ್ತಿದ್ದಳು. ಅದು ಎದ್ದಾಗ ಏಳುತ್ತಿದ್ದಳು. ಹದಿನೈದು ವರ್ಷ ಹೀಗೆಯೇ ನಡೆಯಿತು.

ಒಂದು ವರ್ಷ ಮಗಳ ಮನೆಯ ಸೂರು ಕುಸಿಯಿತು. ಹೊಸ ಸೂರಿಗೆ ಒಂದು ಬೆಳೆಯ, ಎಂದರೆ ಒಂದು ತಂಡ ಹುಳುಗಳ, ಗೂಡು ಮಾರಿದ ಹಣ ಸಾಲದು. ಹುಳು ಮಲಗುವ ದಿನಗಳೆಲ್ಲ ಸುಮ್ಮನೆ ಹೋಗುತ್ತಿವೆಯಲ್ಲ ಎಂದು ಅವಳಿಗೆ ಅನ್ನಿಸಿತು. ಮೊದಲಿನ ಬೆಳೆಯನ್ನು ತಂದ ನಾಲ್ಕು ದಿನಕ್ಕೆ ಇನ್ನೊಂದು ಬೆಳೆಯ ಮರಿಗಳನ್ನು ತಂದಳು. ಇವು ಮಲಗಿದಾಗ ಅವು ಮೇದವು, ಅವು ಮಲಗಿದಾಗ ಇವು ಮೇದವು. ಹುಳುಗಳ ವಿಶ್ರಾಂತಿಗೆ ಕುಂದು ಬರಲಿಲ್ಲ. ಅವಳದು ಮಾತ್ರ ಹೋಯಿತು.

ನೆರೆಯವಳು ಮೊಸರಿಗೆ ಹೆಪ್ಪು ಕೇಳಲು ಬಂದು ಬಾಗಿಲಲ್ಲಿ ಕೂಗಿದಳು.

“ಮೆಲ್ಲಗೆ ಅಕ್ಕಾ, ಹುಳು ಮಲಗಿವೆ.”

“ಈ ಮನೆಯಲ್ಲಿ ಹುಳುವಿಗಿರುವ ಮರ್ಯಾದೆ ಗಂಡನಿಗೂ ಇಲ್ಲ! ಅದಿರಲಿ, ನೀನು ಮಲಗಿ ಎಷ್ಟು ದಿನವಾಯಿತೇ?”

“ಹುಳು ಗೂಡು ಕಟ್ಟಿ ಮುಗಿಸಲಿ. ಆಮೇಲೆ ಒಂದು ವಾರ ಏಳುವುದೇ ಇಲ್ಲ.”

“ಬಿಡ್ತು ಅನ್ನು,” ಎಂದು ನೆರೆಯವಳು ಹೆಪ್ಪು ತೆಗೆದುಕೊಂಡು ಹೋದಳು.

ಮೊದಮೊದಲು ಅವಳಿಗೆ ತಲೆನೋವು ಬಂತು. ಆಮೇಲೆ ಅನ್ನ ರುಚಿಸದಾಯಿತು. ಸೊಪ್ಪು ಕತ್ತರಿಸುವಾಗ ಬೆರಳಿಗಾದ ಗಾಯ ಹದಿನೈದು ದಿನವಾದರೂ ಮಾಯಲಿಲ್ಲ. ಸುಮ್ಮನೆ ನಿಂತಿದ್ದರೂ ಎದೆ ಹೊಡೆದುಕೊಳ್ಳುತ್ತಿತ್ತು. ಸಣ್ಣ ಮಾತಿಗೂ ಗಂಡನ ಮೇಲೆ ಹರಿಹಾಯುತ್ತಿದ್ದಳು, ಹರಿಹಾಯ್ದದ್ದು ಮರುಗಳಿಗೆಗೆ ಮರೆತು ಹೋಗುತ್ತಿತ್ತು. ಇನ್ನು ಕೆಲವೇ ದಿನ ಎಂದು ತನಗೆ ತಾನೇ ಹೇಳಿಕೊಂಡಳು. ಮೈ ಆ ಮಾತನ್ನು ಕೇಳಲಿಲ್ಲ.

ಕೊನೆಯ ವಾರ ಬಂತು. ಮೊದಲ ಬೆಳೆ ಹಸಿದು ಹಗಲಿರುಳು ಮೇಯುವ ಕಾಲ. ಎರಡನೆಯ ಬೆಳೆ ನಾಲ್ಕನೆಯ ಸಲ ಮಲಗಿತ್ತು. ನಡುಹಗಲಿನಲ್ಲಿ ಅವಳು ಬುಟ್ಟಿ ತುಂಬ ಸೊಪ್ಪು ಹೊತ್ತು ಒಳಗೆ ಹೋದಳು. ಒಂದು ಸಾಲಿನ ತಟ್ಟೆಗಳಲ್ಲಿ ಒಂದನ್ನೂ ಬಿಡದೆ, ಅಂಚಿನವರೆಗೂ ಒಪ್ಪವಾಗಿ ಹರಡಿದಳು. ಕೆಲಸ ಮುಗಿಯಿತೆಂದು ಸಮಾಧಾನದಿಂದ ಕದ ಮುಚ್ಚಿದಳು. ಹೊರಗೆ ಬಂದು ಗೋಡೆಗೆ ಒರಗಿದವಳು ಅಲ್ಲಿಯೇ ಕುಸಿದಳು.

ಮರುದಿನ ಗಂಡ ಕದ ತೆರೆದು ನೋಡಿದನು. ಅವಳು ಸೊಪ್ಪು ಹರಡಿದ್ದು ಮಲಗಿದ್ದ ಹುಳುಗಳ ಮೇಲೆ. ಹಸಿ ಸೊಪ್ಪಿನ ಅಡಿಯಲ್ಲಿ ಅವು ಚರ್ಮ ಕಳಚಲಾರದೆ ಸತ್ತಿದ್ದವು. ಹಸಿದವು ಬರಿಯ ತಟ್ಟೆಯಲ್ಲಿ ತಲೆ ಆಡಿಸುತ್ತಿದ್ದವು. ಬದುಕಿ ಉಳಿದವು ಕಟ್ಟಿದ ಗೂಡು ಕಾಗದದಷ್ಟು ತೆಳುವಾಯಿತು. ಅವಳು ಎದ್ದು ಅಂಗಳಕ್ಕೆ ಬರಲು ಮೂರು ತಿಂಗಳು ಹಿಡಿಯಿತು. ಆ ಮಳೆಗಾಲವನ್ನು ಮಗಳು ಸೂರಿಲ್ಲದೆ ಕಳೆದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನು, “ನನ್ನದು ಹಾಗಲ್ಲ, ಗುರುಗಳೇ. ಮದ್ದು ಅಳೆಯುವುದರಲ್ಲಿ ನನ್ನ ಕೈ ಇದುವರೆಗೆ ಒಮ್ಮೆಯೂ ತಪ್ಪಿಲ್ಲ,” ಎಂದನು.

ಗುರುಗಳು ಕೇಳಿದರು: “ತಪ್ಪಿದ್ದರೆ, ಅದು ತಿಳಿಯುವಷ್ಟು ಎಚ್ಚರ ನಿನ್ನಲ್ಲಿ ಉಳಿದಿದೆಯೇ?”