ಕಾರಿನ ಪ್ರಸಾದ

ಶಂಭುಲಿಂಗ ಗುರುಗಳ ಆಶ್ರಮ ನದಿಯ ದಂಡೆಯಲ್ಲಿತ್ತು. ಹಿಂದುಗಡೆ ಒಂದು ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಹಸು ಇರಲಿಲ್ಲ, ಕಾರು ಇತ್ತು.

ಪುಟ್ಟ ಕಾರು. ಹಿಂದೆ ಡಿಕ್ಕಿ ಚಾಚಿಕೊಳ್ಳದೆ ಮೊಟಕಾಗಿ ನಿಂತಿತ್ತು. ಹಿರಿಯ ಗುರುಗಳು ಬದುಕಿದ್ದಾಗ ಅದರಲ್ಲೇ ಊರೂರು ಸುತ್ತುತ್ತಿದ್ದರು. ಅವರು ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ವಾರಿಜಾ ಎಂಬ ಹುಡುಗಿ ಆಶ್ರಮಕ್ಕೆ ಬಂದು, ತನ್ನನ್ನು ಶಿಷ್ಯೆಯಾಗಿ ಇಟ್ಟುಕೊಳ್ಳಬೇಕೆಂದು ಕೇಳಿದಳು.

"ಏನೇನು ಬರುತ್ತೆ ನಿನಗೆ?" ಎಂದರು ಗುರುಗಳು.

"ಯಾವುದೂ ಪೂರ್ತಿ ಬರಲ್ಲ, ಗುರುಗಳೇ. ವೀಣೆ ಸ್ವಲ್ಪ, ಹೊಲಿಗೆ ಸ್ವಲ್ಪ. ಸೋದರಮಾವನ ಗ್ಯಾರೇಜಿನಲ್ಲಿ ಆಡಿಕೊಂಡು ಬೆಳೆದೆ, ಹಾಗಾಗಿ ನಟ್ಟು ಬೋಲ್ಟು ಸ್ವಲ್ಪ. ಮನೆಯಲ್ಲಿ ಎಲ್ಲರೂ ಆರಂಭಶೂರೆ ಅಂತಾರೆ."

"ಅಂಥವರೇ ಬೇಕಾಗಿತ್ತು. ಹಿಂದೆ ಒಂದು ಕಾರಿದೆ. ಅದನ್ನ ಮೊದಲಿನ ಹಾಗೆ ಮಾಡಬೇಕು. ನೀನು ಮುಗಿಸೋದೇನೂ ಬೇಡ, ಶುರು ಮಾಡು ಸಾಕು. ಹುಣ್ಣಿಮೆಯೊಳಗೆ ಶುರುವಾದರೆ ಇಲ್ಲೇ ಇರು. ಇಲ್ಲದಿದ್ದರೆ ಊರಿಗೆ ಹೊರಡು."

ವಾರಿಜಾಗೆ ಒಳಗೊಳಗೇ ನಗು ಬಂತು. ಶುರು ಮಾಡೋದು ತಾನೇ!

ಅವಳು ಕೊಟ್ಟಿಗೆ ಗುಡಿಸಿದಳು. ಕಾರಿನ ಮೈ ತೊಳೆದಳು. ಬಾನೆಟ್ಟಿನ ಮೇಲೆ ಕೈ ಇಟ್ಟು, ಅದನ್ನು ಎತ್ತದೆ, ಕೈ ಹಿಂದಕ್ಕೆ ತೆಗೆದುಕೊಂಡಳು.

"ಪೂಜೆ ಮಾಡದೆ ಹೇಗೆ ತೆಗೆಯೋದು?" ಎಂದು ತನಗೆ ತಾನೇ ಹೇಳಿಕೊಂಡಳು.

ಒಳ್ಳೆಯ ದಿನ ನೋಡಿ ಪೂಜೆ ಮಾಡಿದಳು. ಅರಿಸಿನ, ಕುಂಕುಮ, ಚೆಂಡುಹೂವಿನ ಹಾರ. ಚಕ್ರಗಳ ಕೆಳಗೆ ನಿಂಬೆಹಣ್ಣು. ಗಾಜಿನ ಒಳಗೆ ಹಿರಿಯ ಗುರುಗಳ ಫೋಟೋ.

ಅಡುಗೆಮನೆಯ ಪುಟ್ಟಸಿದ್ದಮ್ಮ ಮಂಗಳಾರತಿ ತೆಗೆದುಕೊಂಡು, "ಏನವ್ವಾ, ಮದುವೆ ಹೆಣ್ಣಿನ ಹಾಗೆ ಮಾಡಿಬಿಟ್ಟೆ! ಇದನ್ನ ಬಿಚ್ಚೋಕೆ ಮನಸ್ಸಾದ್ರೂ ಹೆಂಗೆ ಬರುತ್ತೆ?" ಎಂದಳು.

ಮರುದಿನ ಸೋಮವಾರ. ಆಶ್ರಮಕ್ಕೆ ಬಂದ ಭಕ್ತರು ಕಾರನ್ನು ಕಂಡು ಕೈಮುಗಿದರು. ಯಾರೋ ದೀಪ ಹಚ್ಚಿದರು. ಯಾರೋ ರಂಗೋಲಿ ಹಾಕಿದರು. ಭಕ್ತರಲ್ಲೆಲ್ಲ ಜೋರು ಬಾಯಿಯ ರುದ್ರೇಗೌಡರು ಸುತ್ತಲೂ ಹಗ್ಗ ಕಟ್ಟಿಸಿ, ಚಪ್ಪಲಿ ಹೊರಗೆ ಬಿಡಬೇಕು ಎಂದು ಬೋರ್ಡು ಹಾಕಿಸಿದರು.

ವಾರಿಜಾ ಸ್ಪ್ಯಾನರ್ ಹಿಡಿದು ಹೋದಳು.

"ಏನಮ್ಮಾ ಇದು?" ಗೌಡರು ಅಡ್ಡ ನಿಂತರು. "ಹಿರಿಯ ಗುರುಗಳು ಕೂತ ಜಾಗ. ಅದರ ಹೊಟ್ಟೆ ಬಗೆಯೋಕೆ ಬಂದಿದ್ದೀಯಾ?"

ವಾರಿಜಾ ಸ್ಪ್ಯಾನರನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಯಾರೋ ಅವಳ ಕೈಗೆ ಕುಂಕುಮದ ಬಟ್ಟಲು ಕೊಟ್ಟರು. ಅಂದಿನಿಂದ ಅವಳೇ ಅಲ್ಲಿ ಕೂತು ಬಂದವರಿಗೆ ಕುಂಕುಮ, ಸಕ್ಕರೆ ಕೊಡತೊಡಗಿದಳು.

ಚಂದ್ರ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು. ನೋಡಿದಾಗಲೆಲ್ಲ ಅವಳು ಹುಣ್ಣಿಮೆಗೆ ಉಳಿದ ದಿನ ಎಣಿಸುತ್ತಿದ್ದಳು. ಊರಿಗೆ ಹೋದರೆ ಸೋದರಮಾವ ಏನೂ ಅನ್ನುವುದಿಲ್ಲ, ನಗುತ್ತಾನೆ. ಅದೇ ಕಷ್ಟ.

ಒಂದು ಸಂಜೆ ಅವಳು ಗುರುಗಳ ಬಳಿ ಹೋದಳು.

"ಗುರುಗಳೇ, ಅವರು ನನಗೆ ಕೆಲಸ ಮಾಡೋಕೆ ಬಿಡ್ತಾ ಇಲ್ಲ."

"ಯಾರು?"

"ಗೌಡರು. ಭಕ್ತರು. ಎಲ್ಲರೂ."

"ಅವರು ತಡೆದಾಗ ನಿನಗೆ ಏನನ್ನಿಸಿತು?"

"ಕೋಪ ಬಂತು."

"ಕೋಪ ಬರೋಕೆ ಮುಂಚೆ?"

ವಾರಿಜಾ ಕಾಲ ಹೆಬ್ಬೆರಳಿನಿಂದ ಮರಳು ಕೆದಕಿದಳು. "ಸಮಾಧಾನ ಆಯ್ತು" ಎಂದಳು.

ಗುರುಗಳು ಹೂಂಗುಟ್ಟಿದರು. ಸ್ನಾನಕ್ಕೆ ನದಿಗೆ ಇಳಿದರು.

ಬೆಳಗ್ಗೆ ಕಾರಿನ ಮುಂದೆ ಭಕ್ತರ ಸಾಲು ನಿಂತಿತ್ತು. ಸಾಲಿನ ಕೊನೆಯಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಚಪ್ಪಲಿ ಬಿಟ್ಟು ಗುರುಗಳೂ ನಿಂತಿದ್ದರು.

"ಅಯ್ಯೋ, ನೀವು ಮುಂದೆ ಬನ್ನಿ ಗುರುಗಳೇ!" ಎಂದರು ಗೌಡರು.

"ಬೇಡಪ್ಪ. ನೀವೆಲ್ಲ ಮೊದಲು ಬಂದಿದ್ದೀರಿ."

ಅವರ ಸರದಿ ಬರುವ ಹೊತ್ತಿಗೆ ಅವರ ಹಿಂದೆಯೂ ಸಾಲು ಬೆಳೆದಿತ್ತು. ವಾರಿಜಾ ಸಕ್ಕರೆ ಕೊಡಹೋದಳು.

"ಇದೇನಮ್ಮ ಪೂಜಾರಿ, ಸಕ್ಕರೆ? ಇದು ಅಂಗಡೀಲೂ ಸಿಗುತ್ತೆ. ನನಗೆ ಕಾರಿನ ಪ್ರಸಾದ ಬೇಕು."

"ಕಾರಿನ ಪ್ರಸಾದ ಅಂದ್ರೆ?"

"ಆ ಕನ್ನಡಿ ಕೊಡು."

ವಾರಿಜಾ ಗೌಡರನ್ನು ನೋಡಿದಳು. ಗೌಡರು ಗುರುಗಳನ್ನು ನೋಡಿದರು. ಗುರುಗಳು ಕೈ ಚಾಚಿಕೊಂಡೇ ನಿಂತಿದ್ದರು.

ವಾರಿಜಾ ಅಂದಿನಿಂದ ಸೆರಗಿನಲ್ಲೇ ಇಟ್ಟುಕೊಂಡಿದ್ದ ಸ್ಪ್ಯಾನರ್ ತೆಗೆದಳು. ನಟ್ಟು ಮೊದಲು ಮಿಸುಕಲಿಲ್ಲ. ಆಮೇಲೆ ಕಿರ್ರೆಂದಿತು. ಬಾಗಿಲ ಪಕ್ಕದ ಕನ್ನಡಿ ಕೈಗೆ ಬಂತು.

ಗುರುಗಳು ಅದನ್ನು ಕಣ್ಣಿಗೊತ್ತಿಕೊಂಡು ರುದ್ರೇಗೌಡರ ಕೈಯಲ್ಲಿಟ್ಟರು.

"ಪ್ರಸಾದ, ಗೌಡರೇ. ಮನೆಗೆ ತಗೊಂಡು ಹೋಗಿ ಶುದ್ಧ ಮಾಡಿ. ಹುಣ್ಣಿಮೆಗೆ ತನ್ನಿ."

ಪ್ರಸಾದವನ್ನು ಬೇಡ ಅನ್ನುವುದು ಹೇಗೆ? ಗೌಡರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಗುರುಗಳ ಹಿಂದೆ ನಿಂತಿದ್ದ ಮುದುಕಿ ತಕ್ಷಣ ಮುಂದೆ ಬಂದಳು. "ನಂಗೆ?"

"ಕೊಡು, ವಾರಿಜಾ."

ಮುದುಕಿಗೆ ಹಾರ್ನ್ ಸಿಕ್ಕಿತು. ಅವಳ ಹಿಂದಿನವರಿಗೆ ಮುಂದಿನ ದೀಪ. ಒಂದು ಸಂಸಾರ ಪೂರ್ತಿ ಒಂದು ಬಾಗಿಲನ್ನು ತಲೆಯ ಮೇಲೆ ಹೊತ್ತುಕೊಂಡು ಹೊರಟಿತು. ಜಾಕು ಬಂತು, ಕಲ್ಲುಗಳು ಬಂದವು, ಚಕ್ರಗಳು ಹೊರಟವು.

"ನನಗೆ ಬರೀ ವೈಪರ್ರಾ?" ಎಂದು ಒಬ್ಬರು ಮುಖ ಸಣ್ಣ ಮಾಡಿಕೊಂಡರು.

"ನಾಳೆ ಬೇಗ ಬನ್ನಿ" ಎಂದಳು ವಾರಿಜಾ. ಹಣೆಯ ಬೆವರು ಒರೆಸಿಕೊಂಡು ಅವಳ ಮುಖವೆಲ್ಲ ಗ್ರೀಸ್ ಆಗಿತ್ತು. "ಸೈಲೆನ್ಸರ್ ಇನ್ನೂ ಇದೆ."

ಪುಟ್ಟಸಿದ್ದಮ್ಮನ ಪಾಲಿಗೆ ಹಿಂದಿನ ಸೀಟು ಬಂತು. ಒಳಗಿಂದ ಒಂದು ಇಲಿ ಹಾರಿ ಓಡಿತು. "ನಿನ್ನ ದೇವರ ಪರಿವಾರಾನೂ ಪ್ರಸಾದಾನೇನೇ ತಾಯಿ?" ಎಂದು ಅವಳು ಕಿರುಚಿದ್ದಕ್ಕೆ ಗೌಡರಿಗೂ ನಗು ತಡೆಯಲಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾರು ಮುಡಿ ಕೊಟ್ಟು ಬಂದವರ ಹಾಗೆ ಬೋಳಾಗಿ ಕಲ್ಲುಗಳ ಮೇಲೆ ಕೂತಿತ್ತು. ಕಾಲಡಿಯ ಮ್ಯಾಟು ಎತ್ತಿದಾಗ ತಳದಲ್ಲಿ ಒಂದು ದೊಡ್ಡ ತೂತು ಕಂಡಿತು. ತುಕ್ಕು ತಿಂದು ಕೆಳಗಿನ ನೆಲವೇ ಕಾಣುತ್ತಿತ್ತು.

"ಗುರುಗಳೇ, ಇಷ್ಟು ಹಾಳಾಗಿದೆ ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ವಾ?"

ವಾರಿಜಾ ತೂತಿನ ಅಂಚನ್ನು ಮುಟ್ಟಿದಳು. ತಗಡು ಹಪ್ಪಳದ ಹಾಗೆ ಮುರಿದು ಬಿತ್ತು.

"ಮೊದಲ ದಿನ ತೊಳೆಯುವಾಗ ನೀರು ಒಳಗೆ ಹೋಗಿ ಕೆಳಗೆ ಇಳೀತು. ಗೊತ್ತಿತ್ತು."

"ಅದಕ್ಕೇನಾ? ಹೂವು ಸ್ವಲ್ಪ ಜಾಸ್ತಿ ಆಯ್ತಲ್ಲ ಅಂದುಕೊಂಡೆ" ಎಂದು ಗುರುಗಳು ಊಟಕ್ಕೆ ಹೋದರು.

ಅಂದಿನಿಂದ ವಾರಿಜಾ ಹಗಲೆಲ್ಲ ಕಾರಿನ ಅಡಿಯಲ್ಲೇ ಇದ್ದಳು. ಉಪ್ಪುಕಾಗದ ಹಿಡಿದು ಉಜ್ಜಿದಳು. ಉಜ್ಜಿದಷ್ಟೂ ಹೊಸ ತುಕ್ಕು ಸಿಕ್ಕಿತು. ಹಾಡು ಗುನುಗುತ್ತಿದ್ದಳು. ರಾತ್ರಿ ಚಂದ್ರನನ್ನು ನೋಡುವುದಕ್ಕೆ ಮರೆತು ಮಲಗಿಬಿಡುತ್ತಿದ್ದಳು.

ಹುಣ್ಣಿಮೆ ಬಂತು. ಪ್ರಸಾದ ತಗೊಂಡವರೆಲ್ಲ ಬಂದರು. ಬಾಗಿಲನ್ನು ದೇವರ ಪಾತ್ರೆಯ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಕನ್ನಡಿ ರೇಷ್ಮೆ ಬಟ್ಟೆಯಲ್ಲಿತ್ತು. ಮುದುಕಿ ಹಾರ್ನನ್ನು ಬ್ಯಾಟರಿಗೆ ಸಿಕ್ಕಿಸಿ ಊದಿಸಿಕೊಂಡೇ ಬಂದಳು.

"ಕನ್ನಡಿ ಹಿಂದಿನ ಸ್ಕ್ರೂ ಸವೆದಿತ್ತು ಕಣಮ್ಮ, ಹೊಸದು ಹಾಕಿಸಿದೀನಿ" ಎಂದರು ಗೌಡರು, ಮೆಲ್ಲಗೆ.

ವಾರಿಜಾ ಮೊದಲು ಚಕ್ರಗಳನ್ನಷ್ಟೇ ಜೋಡಿಸಿದಳು. ಗೌಡರು ಹಗ್ಗ ಬಿಚ್ಚಿದರು. ಎಲ್ಲರೂ ತಳ್ಳಿದಾಗ ಕಾರು ಬಾಗಿಲುಗಳಿಲ್ಲದೆ, ಬಣ್ಣವಿಲ್ಲದೆ ಬಿಸಿಲಿಗೆ ಬಂತು. ಗುರುಗಳು ಹತ್ತಿ ಸ್ಟಿಯರಿಂಗ್ ಹಿಡಿದು ಕೂತರು. ಅವರ ಬಲಗಾಲು ತೂತಿನಿಂದ ಇಳಿದು ನೇರ ನೆಲದ ಮೇಲೆ ನಿಂತಿತು.

ವಾರಿಜಾಗೆ ಆಗ ನೆನಪಾಯಿತು. ಅವಳ ಮುಖ ಬಾಡಿತು. ಹತ್ತಿರ ಬಂದು ಬಗ್ಗಿ ಮೆಲುದನಿಯಲ್ಲಿ ಕೇಳಿದಳು.

"ಗುರುಗಳೇ, ಇವತ್ತು ಹುಣ್ಣಿಮೆ."

"ಹೌದು."

"ಮೊದಲ ನಟ್ಟು ತೆಗೆಸಿದ್ದು ನೀವು. ಪ್ರಸಾದ ಹಂಚಿದ್ದು ನೀವು. ಹಾಗಾದ್ರೆ ನಾನು ಶುರು ಮಾಡಿದ ಹಾಗಾಯ್ತೋ ಇಲ್ವೋ? ನಾನು ಇಲ್ಲಿ ಇರ್ಲೋ, ಊರಿಗೆ ಹೊರಡ್ಲೋ?"

ಗುರುಗಳು ಸ್ಟಿಯರಿಂಗನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದರು. ಆಮೇಲೆ ಬಗ್ಗಿ ತಮ್ಮ ಪಾದ ನೋಡಿಕೊಂಡರು.

"ಬೇಗ ಒಂದು ತಗಡು ಹುಡುಕಿ ತಾ, ಮಗಳೇ. ಕಾಲಿಗೆ ಇರುವೆ ಹತ್ತುತ್ತಾ ಇದೆ."