ಅರಮನೆಯ ಬಿದಿರು, ಮೇದರ ಕೇರಿ

"ಕೇಳ್ರಪ್ಪೋ ಕೇಳ್ರಿ! ಅರಮನೆಯ ಬಿದಿರು ತಲೆ ಎತ್ತಿದ ನೆಲವೆಲ್ಲ ಅರಮನೆಯದು! ಹುಣ್ಣಿಮೆಯೊಳಗೆ ಮೇದರ ಕೇರಿ ಖಾಲಿಯಾಗಬೇಕು! ಕುವರಿಯ ಮೂರು ಒಗಟು ಬಿಡಿಸಿದವನಿಗೆ ಕುವರಿಯೂ ಉಂಟು, ಕೇಳಿದ್ದೂ ಉಂಟು. ಸೋತವನಿಗೆ ತಲೆ ಇಲ್ಲ!" ಎಂದು ಡಂಗುರದವನು ಸಾರಿದ.

ದೊರೆ ದೂರದೇಶದಿಂದ ಹಳದಿ ಬಿದಿರು ತರಿಸಿ ಅಂದಕ್ಕೆಂದು ನೆಡಿಸಿದ್ದ. ನಮ್ಮ ಕಾಡಿನ ಬಿದಿರಿನಂತೆ ಮೆಳೆಯಾಗಿ ಒಂದೆಡೆ ನಿಲ್ಲುವ ಜಾತಿಯಲ್ಲ ಅದು. ಗೋಡೆಯಡಿ ನುಸುಳಿ, ಬುಟ್ಟಿ ಹೆಣೆಯುವ ಮೇದರ ಗುಡಿಸಲುಗಳೊಳಗೆ ಎದ್ದಿತು. ನೆಟ್ಟವನು ದೊರೆ, ಮನೆ ಬಿಡಬೇಕಾದವರು ಮೇದರು. ಇದಕ್ಕೆ ನ್ಯಾಯವೆಂದು ಹೆಸರು!

ಮೇದರ ಕೇತ ಒಗಟು ಬಿಡಿಸಲು ಹೊರಟು ನಿಂತ. ಅಜ್ಜಿ ಅಡ್ಡ ಬಂದಳು. "ಬ್ಯಾಡ ಮಗಾ. ತಲೆ ಹೋದರೆ ಬುಟ್ಟಿ ಹೊರೋದು ಯಾವುದರ ಮೇಲೆ?"

"ಮನೆ ಹೋದರೆ ಹೆಣೆಯೋದು ಎಲ್ಲಿ ಅಜ್ಜಿ?"

ಸಭೆಯಲ್ಲಿ ಕುವರಿ ಚೆಲುವಾಜಿ ಮೊದಲ ಒಗಟು ಹೇಳಿದಳು: "ಕಾಲಿಲ್ಲದೆ ಕೋಟೆ ದಾಟುತ್ತಾನೆ, ತಲೆ ಕಡಿದರೂ ಸಾಯುವುದಿಲ್ಲ. ಯಾರು?"

"ದೊರೆಗಳ ಕೀರ್ತಿ!" ಎಂದ ಒಬ್ಬ ರಾಜಕುಮಾರ. ಸೆರೆಮನೆಗೆ ಹೋದ. "ಹಾವು!" ಎಂದ ಇನ್ನೊಬ್ಬ. ಅವನೂ ಹೋದ. ಕೇತ ಮುಂದೆ ಬಂದ.

"ಬಿದಿರಿನ ಬೇರುಗೆಡ್ಡೆ," ಎಂದ.

"ಹುಟ್ಟಿದ ದಿನ ಎಷ್ಟು ದಪ್ಪವೋ ಸಾಯುವ ದಿನವೂ ಅಷ್ಟೇ. ಏನದು?"

"ಕಳಲೆ, ಬಿದಿರಿನ ಎಳೆ ಮೊಳಕೆ."

"ಆ ಕೋಟೆ ದಾಟುವವನನ್ನು ತಡೆಯುವ ಗೋಡೆಗೆ ಎತ್ತರವೇ ಇಲ್ಲ. ಯಾವ ಗೋಡೆ?"

ಆಸ್ಥಾನವೆಲ್ಲ ಗೊಳ್ಳೆಂದು ನಕ್ಕಿತು. ಎತ್ತರವಿಲ್ಲದ ಗೋಡೆಯೇ? ಕೇತನೂ ನಕ್ಕುಬಿಟ್ಟ. "ಕಂದಕ, ಅಮ್ಮಣ್ಣಿ."

"ಹೇಗೋ?" ದೊರೆ ಗುಡುಗಿದ.

"ಗೆಡ್ಡೆ ನೆಲದಡಿ ಓಡ್ತದೆ, ಬುದ್ಧಿ. ಅದರ ಗಣ್ಣುಗಣ್ಣಿಗೂ ಕಳಲೆ. ಮಣ್ಣಿಂದ ಏಳುವಾಗಲೇ ತನ್ನ ದಪ್ಪ ತಂದಿರ್ತದೆ, ಆಮೇಲೆ ಉದ್ದ ಮಾತ್ರ. ನೀವು ಗೋಡೆ ಏರಿಸ್ತಾ ಹೋದಿರಿ. ಕಳ್ಳ ನೆಲದಡಿ, ಕಾವಲು ಆಕಾಶದಲ್ಲಿ! ಸುತ್ತ ಮೊಣಕಾಲುದ್ದ ತೋಡಿ, ಮುಚ್ಚಬೇಡಿ. ದಾಟಲು ಬಂದ ಗೆಡ್ಡೆ ಬಯಲಲ್ಲಿ ಕಾಣ್ತದೆ. ವರ್ಷ ವರ್ಷ ಕತ್ತರಿಸಿ. ನಮ್ಮ ಕೇರೀಲಿ ಎದ್ದದ್ದನ್ನು ನಾವು ಮುರಿದು ಉಣ್ತೀವಿ. ಮುರಿದಷ್ಟೂ ಸೊರಗ್ತದೆ."

ಕುವರಿ ತಲೆದೂಗಿದಳು. ದೊರೆ ಮುಖ ಗಂಟಿಕ್ಕಿ, "ಏನು ಬೇಕು?" ಎಂದ.

"ಕೇರಿ ಬಿಡಿಸೋ ಆಜ್ಞೆ ಹರಿಯಿರಿ. ಸೆರೆಯಲ್ಲಿರೋರ ತಲೆ ಉಳಿಸಿ, ಕೈಗೆ ಗುದ್ದಲಿ ಕೊಡಿ."

"ನನ್ನನ್ನು ಕೇಳಲೇ ಇಲ್ಲ!" ಎಂದಳು ಚೆಲುವಾಜಿ.

"ನಿಮ್ಮನ್ನ ನಿಮ್ಮ ಹತ್ತಿರ ಕೇಳಬೇಕು, ಅಮ್ಮಣ್ಣಿ. ದೊರೆ ಹತ್ತಿರ ಅಲ್ಲ."

"ಹಾಗಾದರೆ ಕೇಳು."

ಕೇಳಿದ. ಒಪ್ಪಿದಳು.

ಮೂರು ದಿನ ನೀರಲ್ಲಿ ನೆನೆಸಿ ಕಹಿ ತೆಗೆದ ಕಳಲೆಯ ಸಾರೇ ಮದುವೆಯೂಟ, ಅದೂ ಮೇದರ ಕೇರಿಯಲ್ಲಿ. ಕಂದಕ ತೋಡಿ ಅಂಗೈಯೆಲ್ಲ ಬೊಬ್ಬೆ ಎದ್ದಿದ್ದ ರಾಜಕುಮಾರರು ಮೂರು ಸಲ ಬಡಿಸಿಕೊಂಡರು. ದೊರೆ ಕೂರಲು ಎತ್ತರದ ಪೀಠ ಹುಡುಕಿದ, ಸಿಗಲಿಲ್ಲ. ಅಜ್ಜಿ ತನ್ನ ಚಾಪೆ ಸರಿಸಿ ಜಾಗ ಕೊಟ್ಟಳು.