ದ್ಯಾಮವ್ವನ ದನಿ

ಹೊಳೆಯ ದಂಡೆಯ ಮೇಲೊಂದು ಮಠ. ಅಲ್ಲೊಬ್ಬರು ಗುರುಗಳು; ಎಲ್ಲರ ಬಾಯಲ್ಲೂ ಅವರು ಅಜ್ಜಾರು. ಅವರಿಗೆ ಗುರುಪಾದನೆಂಬ ಶಿಷ್ಯ. ಇಬ್ಬರಿಗೂ ಸೇರಿ ಒಂದು ಹಳೆಯ ಕಂಪ್ಯೂಟರ್.

ಅದರ ಡಿಸ್ಕಿನಲ್ಲಿ ಎರಡು ಭಾಗ ಮಾಡಿದ್ದರು. ಒಂದರಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶ. ಇನ್ನೊಂದರಲ್ಲಿ ದ್ಯಾಮವ್ವನೆಂಬ ಹಾಡುಗಾರ್ತಿಯ ದನಿಯಲ್ಲೇ ಮುದ್ರಿಸಿಟ್ಟ ತತ್ವಪದಗಳು. ದ್ಯಾಮವ್ವ ತೀರಿಹೋಗಿದ್ದಳು. ಆಕೆಯ ದನಿ ಬೇರೆಲ್ಲೂ ಇರಲಿಲ್ಲ.

ಲಿನಕ್ಸ್ ಹಳತಾಗಿ ಕುಂಟತೊಡಗಿತು. ಹೊಸದನ್ನು ಹಾಕಲು ಗುರುಪಾದ ಕೂತ.

"ಹಾಡಿನ ಭಾಗ ಮುಟ್ಟಬ್ಯಾಡ," ಅಂದರು ಅಜ್ಜಾರು.

"ಅಷ್ಟೂ ತಿಳಿಯಂಗಿಲ್ಲೇನ್ರಿ ನನಗ?" ಅಂದ ಶಿಷ್ಯ. ಗತ್ತಿಗೇನೂ ಕಡಿಮೆಯಿರಲಿಲ್ಲ.

ನಡುವೆ ತೆರೆಯ ಮೇಲೊಂದು ಪ್ರಶ್ನೆ ಬಂತು. ಭಾಗವನ್ನು ನೀವೇ ಆರಿಸುತ್ತೀರಾ, ಇಲ್ಲವೇ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಬೇಕೇ?

ಎಲ್ಲವನ್ನೂ ಅಳಿಸುವುದು! ವೈರಾಗ್ಯದ ಗುಂಗಿನಲ್ಲಿದ್ದವನಿಗೆ ಆ ಮಾತೇ ಹಿಡಿಸಿಬಿಟ್ಟಿತು. ಒತ್ತಿದ.

ಹೊಸ ಲಿನಕ್ಸ್ ಥಳಥಳ ಹೊಳೆಯಿತು. ಹಾಡು ಹುಡುಕಿದರೆ ಒಂದೂ ಇಲ್ಲ. ಅಳಿಸಿದ್ದನ್ನು ಮರಳಿ ತೆಗೆಯಲು ಬಲ್ಲವರನ್ನೆಲ್ಲ ಕಾಡಿ ನೋಡಿದ. ಕೈಗೆ ಬಂದದ್ದು ಬರೀ ಗರಗರ ಸದ್ದು.

ನಾಚಿಕೆಯಿಂದ ಅವನಿಗೆ ಊಟ ಸೇರಲಿಲ್ಲ. ಅಂತೂ ಅಜ್ಜಾರ ಮುಂದೆ ನಿಂತು ಒಪ್ಪಿಕೊಂಡ. ಒಪ್ಪಿಕೊಂಡವನು ಅಲ್ಲಿಗೇ ಸುಮ್ಮನಾದನೇ?

"ಎಲ್ಲಾ ಬಿಡು, ಎಲ್ಲಾ ಬಿಡು ಅಂತ ನೀವ ಹೇಳ್ತಿದ್ರಿ..."

"ನಿಂದು ಬಿಡು ಅಂದಿದ್ದೆನಪ್ಪಾ. ಅಕಿದಲ್ಲ."



ದ್ಯಾಮವ್ವನ ಮಗಳು ಕಸ್ತೂರೆವ್ವ ಅವ್ವನ ಹಾಡು ಕೇಳಲು ಬರುವವಳಿದ್ದಳು. ಆಕೆ ಬರುವ ದಿನ ಬೆಳಿಗ್ಗೆ ಗುರುಪಾದ ಬಟ್ಟೆಯ ಗಂಟು ಹಿಡಿದು ಹೊಳೆಯ ಕಡೆಗೆ ಸರಸರ ನಡೆದ. ಅಲ್ಲಿ ನೀರಿಗಿಳಿಯುವ ಪಾವಟಿಗೆಯ ಮೇಲೆ ಅಜ್ಜಾರು ಕೂತಿದ್ದರು. ಆಚೆ ದಂಡೆಯಿಂದ ಹರಿಗೋಲು ಬರುತ್ತಿತ್ತು. ಅದರಲ್ಲಿ ಕಸ್ತೂರೆವ್ವ.

"ಎಲ್ಲಿಗಿ ಹೊಂಟಿ?"

"ಮಠಾ ಬಿಟ್ಟು ಹೊಂಟೀನ್ರಿ. ನಾ ಇಲ್ಲಿರಾಕ ಯೋಗ್ಯ ಅಲ್ಲ."

"ಅಕಿಗಿ ಯಾರು ಹೇಳಬೇಕು?"

"ನೀವ ಹೇಳ್ರಿ ಅಜ್ಜಾರ, ನಿಮ್ಮ ಕಾಲಿಗಿ ಬೀಳ್ತೀನಿ. ಅಕಿ ಮುಂದ ಹ್ಯಾಂಗ ನಿಂದರ್ಲಿ ನಾನು?" ಅವನ ಕಣ್ಣಲ್ಲಿ ನೀರು ತುಂಬಿತು.

ಅಜ್ಜಾರು ಅವನ ಕೈಯಿಂದ ಗಂಟು ಇಸಿದುಕೊಂಡು ಪಕ್ಕಕ್ಕಿಟ್ಟರು. ಹರಿಗೋಲು ದಂಡೆಗೆ ತಾಗಿತು. ಕಸ್ತೂರೆವ್ವ ಸೆರಗು ಸರಿಪಡಿಸಿಕೊಳ್ಳುತ್ತ ಇಳಿದಳು.

"ಅಕಿ ಅವ್ವನ ಹಾಡು ಒಂದೂ ಉಳಿಸ್ಲಿಲ್ಲ ನೀ," ಅಂದರು ಅಜ್ಜಾರು ಮೆಲ್ಲಗೆ. "ನಿನ್ನ ಮಾನ ಮಾತ್ರ ಉಳಿಸ್ಕೊಂಡು ಹೊಂಟೀಯೇನೋ?"